ಮುಖ ನೋಡಿ ಮಾತಾಡು

ಮಾವ ಹಗ್ಗದ ಮೇಲೆ ಇಳಿಯತೊಡಗಿದಾಗ ಕೆಳಗೆ ನಿಂತಿದ್ದ ನನ್ನ ಅಂಗೈ ಒದ್ದೆಯಾಗಿತ್ತು. ಹಗ್ಗ ಹಿಡಿದದ್ದು ಅವನು, ಬೆವೆತದ್ದು ನಾನು.

ನಾವು ನಿಂತಿದ್ದು ಹಳೆಯ ಕಲ್ಲಿದ್ದಲು ಗಣಿಯ ಕಬ್ಬಿಣದ ಗೋಪುರದ ಕೆಳಗೆ. ಜನರನ್ನು ಗಣಿಯೊಳಕ್ಕೆ ಇಳಿಸುವ ಪಂಜರದಂಥ ಲಿಫ್ಟು ಇದರಿಂದಲೇ ತೂಗುತ್ತಿತ್ತು. ಗಣಿ ಮುಚ್ಚಿದ ಮೇಲೆ ಅದು ಇಳಿಯುತ್ತಿದ್ದ ಬಾವಿಯ ಬಾಯಿಗೆ ಕಾಂಕ್ರೀಟು ಸುರಿದರು, ಲಿಫ್ಟು ಗುಜರಿಗೆ ಹೋಯಿತು, ಗೋಪುರವೊಂದು ಉಳಿಯಿತು. ಈಗ ಇದು ತರಬೇತಿ ಕೇಂದ್ರ. ಗಣಿಯಿಂದ ತೆಗೆದು ಸುರಿದ ಕಲ್ಲುಮಣ್ಣೇ ದೊಡ್ಡ ಗುಡ್ಡವಾಗಿದೆಯಲ್ಲ, ಅದರ ಮೇಲೆ ಒಂದು ಕಂಪನಿಯವರು ಗಾಳಿಯಿಂದ ಕರೆಂಟು ಮಾಡುವ ಯಂತ್ರಗಳನ್ನು ನಿಲ್ಲಿಸುತ್ತಿದ್ದರು. ನಮ್ಮೂರಲ್ಲಿ ಎಲ್ಲರೂ ಅದನ್ನು ಫ್ಯಾನು ಅಂತಲೇ ಕರೆಯುತ್ತಾರೆ. ಆ ಫ್ಯಾನುಗಳನ್ನು ಹತ್ತಿ ಬೋಲ್ಟು ಬಿಗಿಯಲು, ಎಣ್ಣೆ ಬಿಡಲು, ಕೆಟ್ಟದ್ದನ್ನು ಸರಿಮಾಡಲು ಜನ ಬೇಕು. ನಮ್ಮ ಮೊದಲ ಬ್ಯಾಚು ಪಾಸಾದರೆ ಆ ಕೆಲಸ ನಮ್ಮೂರಿನವರಿಗೆ. ಫೇಲಾದರೆ ಹೊರಗಿನ ಜನ ವ್ಯಾನಿನಲ್ಲಿ ಬಂದು, ಕೆಲಸ ಮುಗಿಸಿ, ವ್ಯಾನಿನಲ್ಲೇ ಹೊರಟುಹೋಗುತ್ತಾರೆ. ನಮ್ಮವರು ಗುಡ್ಡದ ಕೆಳಗೆ ಕೂತು ಫ್ಯಾನು ತಿರುಗುವುದನ್ನು ನೋಡಿಕೊಂಡಿರಬಹುದು.

ಆ ಬ್ಯಾಚಿಗೆ ಪಾಠ ಹೇಳಿದವಳು ನಾನು. ಹೊರಗೆ ಹೋಗಿ ಕಲಿತು, ತರಬೇತಿದಾರರ ಕಾರ್ಡು ಕೊರಳಿಗೆ ಹಾಕಿಕೊಂಡು ಬಂದಾಗ ಊರಿಗೆಲ್ಲ ತಮಾಷೆ. ನನ್ನ ಶಿಷ್ಯರೆಂದರೆ ನನ್ನನ್ನು ಹೆಗಲ ಮೇಲೆ ಕೂರಿಸಿಕೊಂಡು ತಿರುಗಿದವರು. ಐದು ಜನ, ಐವರೂ ಗಣಿಯಲ್ಲಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಬೇಕೆಂದೇ ಎದ್ದು ನಿಂತು "ನಮಸ್ತೆ ಟೀಚರಮ್ಮ" ಅನ್ನುವರು. ಆದರೆ ಪಾಠ ಮಾತ್ರ ಶ್ರದ್ಧೆಯಿಂದ ಕಲಿತರು. ನಾನಂತೂ ಎಲ್ಲರೂ ಪಾಸು ಅಂತ ಮನೆಯಲ್ಲಿ ಕುಣಿದಾಡಿಬಿಟ್ಟಿದ್ದೆ.

ಹತ್ತುವುದು, ಕೊಕ್ಕೆ ಹಾಕುವುದು, ಬೆಂಕಿ ಆರಿಸುವುದು ಎಲ್ಲ ಮುಗಿದಿತ್ತು. ಉಳಿದದ್ದು ಕೊನೆಯದು, ರಕ್ಷಣೆಯ ಪರೀಕ್ಷೆ. ಮೇಲೆ ಒಬ್ಬ ಬೆಲ್ಟಿನಲ್ಲಿ ನೇತಾಡುತ್ತಿರಬೇಕು, ಪ್ರಜ್ಞೆ ತಪ್ಪಿದವನ ಹಾಗೆ. ಇನ್ನೊಬ್ಬ ಹಗ್ಗದ ಮೇಲೆ ಇಳಿದು ಅವನನ್ನು ತನಗೆ ಕಟ್ಟಿಕೊಂಡು ಕೆಳಗೆ ತರಬೇಕು. ಇಡೀ ಬ್ಯಾಚಿನ ಪರವಾಗಿ ಒಂದೇ ಜೋಡಿ. ಅವರು ಪಾಸಾದರೆ ಎಲ್ಲರೂ ಪಾಸು. ಕಂಪನಿ ಕಳಿಸಿದ ಪರೀಕ್ಷಕಿ, ಗಿಡ್ಡ ಕೂದಲಿನ, ಬೂಟು ಸದ್ದಾಗದ ಹಾಗೆ ನಡೆಯುವ ಹೆಂಗಸು, ಸಾಲಿನ ಮೇಲೆ ಕಣ್ಣಾಡಿಸಿ ಇಬ್ಬರನ್ನು ಆರಿಸಿದರು. ಇಳಿಯುವುದಕ್ಕೆ ನಮ್ಮ ಮಾವ. ನೇತಾಡುವುದಕ್ಕೆ ರೇಡಿಯೋ.

ಮಾವ ಅಂದರೆ ನನ್ನ ಅಮ್ಮನ ತಮ್ಮ. ರೇಡಿಯೋ ಅವನ ಗಣಿಯ ಜೊತೆಗಾರ. ಬಾಯಿ ಮುಚ್ಚಿದ್ದನ್ನು ಯಾರೂ ಕಂಡಿಲ್ಲವಾದ್ದರಿಂದ ಆ ಹೆಸರು.

"ಕಂಪನಿಯಿಂದ ನೇತುಹಾಕೋ ಬೊಂಬೆ ಬರ್ಬೇಕಿತ್ತು, ಬಂದಿಲ್ಲ," ಅಂದರು ಪರೀಕ್ಷಕಿ. "ಅದಕ್ಕೇ ಮನುಷ್ಯರನ್ನ ಹಾಕ್ತಿದೀನಿ. ನೇತಾಡೋರು ಮಾತಾಡ್ಬಾರ್ದು. ಕೆಳಗಿರೋರಂತೂ ತುಟಿ ಬಿಚ್ಚೋ ಹಾಗಿಲ್ಲ. ಟ್ರೈನರ್ ಒಂದು ಮಾತು ಆಡಿದ್ರೂ ಪರೀಕ್ಷೆ ರದ್ದು, ಅವ್ರ ಕಾರ್ಡು ನಾನು ತಗೊಂಡು ಹೋಗ್ತೀನಿ."

"ಮೇಡಂ, ಇವನು ಮಾತಾಡದೆ ಇರೋದಾ? ಬೊಂಬೆ ಬರೋವರೆಗೂ ಕಾಯೋದೇ ವಾಸಿ," ಅಂತ ಹಿಂದಿನಿಂದ ಗೊಣಗ ಗೊಣಗಿದ. ಅವನೂ ಬ್ಯಾಚಿನವನೇ, ಹೆಸರಿಗೆ ತಕ್ಕ ಹಾಗೆ.

ಬೆಳಗಿನ ಆ ಮೊದಲ ಸಲ ಮಾವ ಒಂದೂ ತಪ್ಪು ಮಾಡಲಿಲ್ಲ. ಹಗ್ಗ ಸರಿ, ಹಗ್ಗ ಜಾರದ ಹಾಗೆ ಹಿಡಿಯುವ ಬ್ರೇಕು ಸರಿ, ಎರಡು ಕೊಕ್ಕೆ ಹಾಕಿ ಎಳೆದು ನೋಡಿದ್ದು ಸರಿ. ರೇಡಿಯೋ ಎದುರು ಬಂದು, "ಏನಪ್ಪಾ, ಹೆಂಗಿದ್ದೀಯ? ನಾನು ಬಂದಿದೀನಿ, ಹೆದರ್ಬೇಡ," ಅಂದದ್ದೂ ಸರಿ. ಇಬ್ಬರೂ ಒಟ್ಟಿಗೆ ನೆಲ ಮುಟ್ಟಿದಾಗ ನಾನು ಚಪ್ಪಾಳೆ ತಟ್ಟಲು ಕೈ ಎತ್ತಿದ್ದೆ.

ಪರೀಕ್ಷಕಿ ಪೆನ್ನಿನ ಟೋಪಿ ಹಾಕಿದರು.

"ಇಲ್ಲ. ಇದು ಆಗಲ್ಲ."

"ಯಾಕೆ ಮೇಡಂ?" ನನ್ನ ದನಿ ಕೀರಲಾಯಿತು.

"ಇವ್ರು ಅವ್ರ ಮುಖ ಒಂದ್ಸಲಾನೂ ನೋಡ್ಲಿಲ್ಲ. ಕಿವಿ ಜೊತೆ ಮಾತಾಡಿದ್ರು. ಮೇಲೆ ಗಾಳಿ ಹೊಡೀತಿರುತ್ತೆ, ಕಿವಿಗೆ ಏನೂ ಕೇಳ್ಸಲ್ಲ. ಜೊತೆಗಾರ ಬದುಕಿದಾನಾ, ಉಸಿರಾಡ್ತಿದಾನಾ ಅಂತ ಹೇಳೋದು ಮುಖ ಒಂದೇ." ಆಮೇಲೆ ಸ್ವಲ್ಪ ಮೆತ್ತಗಾಗಿ, "ಮಧ್ಯಾಹ್ನ ಊಟ ಆದ್ಮೇಲೆ ಇನ್ನೊಂದು ಅವಕಾಶ ಕೊಡ್ತೀನಿ," ಅಂದರು.

ಮಾವ ಅವರ ಹೆಗಲಾಚೆ ಎಲ್ಲೋ ನೋಡುತ್ತ, "ಆಯ್ತು ಮೇಡಂ," ಅಂದ.

"ನೋಡಿ! ಈಗ್ಲೂ ಅಷ್ಟೇ!"

*

ದೀಪದ ಕೋಣೆ ಈಗ ನಮ್ಮ ತರಗತಿ. ಗೋಡೆಯ ತುಂಬ ಇನ್ನೂ ಸಾಲು ಸಾಲು ಮೊಳೆಗಳಿವೆ. ಗಣಿಗೆ ಇಳಿಯುವವರು ಹಣೆಗೆ ಕಟ್ಟಿಕೊಳ್ಳುವ ದೀಪಗಳನ್ನು ಅಲ್ಲೇ ತೂಗುಹಾಕಿ ಚಾರ್ಜ್ ಮಾಡುತ್ತಿದ್ದರು. ಈಗ ಆ ಮೊಳೆಗಳಲ್ಲಿ ನಮ್ಮ ಬೆಲ್ಟುಗಳು. ಮಾವ ಒಂದು ಬೆಂಚಿನ ಮೇಲೆ ಊಟದ ಡಬ್ಬಿ ತೆರೆಯದೆ ಕೂತಿದ್ದ. ಅತ್ತೆ, ಅಂದರೆ ಮಾವನ ಹೆಂಡತಿ, ಕೇಂದ್ರದಲ್ಲಿ ಚಹಾ ಮಾಡಿಕೊಡುವ ಕೆಲಸ ಮಾಡುತ್ತಿದ್ದಳು. ಕೆಟಲ್ ಹಿಡಿದು ಬಂದಳು.

"ಮುಖ ನೋಡ್ಲಿಲ್ವಂತೆ!" ಅಂದೆ ನಾನು. ಸಿಟ್ಟು ನೆತ್ತಿಗೇರಿತ್ತು. "ಫೇಲ್ ಮಾಡೋಕೆ ಇದೂ ಒಂದು ಕಾರಣಾನಾ?"

"ಹೊಸ ವಿಷಯ ಏನಲ್ಲ," ಅಂದ ಮಾವ. "ಗೋಡೌನಿಗೆ ವಾಚ್‌ಮನ್ ಕೆಲಸಕ್ಕೆ ಹೋಗಿದ್ನಲ್ಲ, ಅಲ್ಲೂ ಇದನ್ನೇ ಅಂದ್ರು. ಏನೋ ಮುಚ್ಚಿಡ್ತಿದ್ದೀಯ, ಕಣ್ಣು ತಪ್ಪಿಸ್ತೀಯ ಅಂತ. ಹಾಲಿನ ಗಾಡಿ ಕೆಲಸಾನೂ ಹಂಗೇ ಹೋಯ್ತು."

"ನಂಗ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ನನ್ ಮುಖ ಕಳ್ಳನ ಮುಖ ಅಂತನಾ?"

ಅತ್ತೆ ಲೋಟಕ್ಕೆ ಚಹಾ ಸುರಿಯುತ್ತ ನಕ್ಕಳು. "ಕಳ್ಳ ಅಲ್ಲ ಕಣೇ, ಗಣಿಯವರು. ಒಬ್ರ ಮುಖ ಒಬ್ರು ನೋಡಿ ಮಾತಾಡಿದ್ರೆ ಹಣೆ ದೀಪ ನೇರ ಎದುರಿನವರ ಕಣ್ಣಿಗೇ ಹೊಡೀತದೆ. ಕತ್ತಲಲ್ಲಿ ಕಣ್ಣು ಕುಕ್ಕಿದ್ರೆ ಮುಗೀತು, ಮುಂದಿನ ಹೆಜ್ಜೆ ಗುಂಡಿಗೋ ಹಳಿಗೋ ಗೊತ್ತಾಗಲ್ಲ. ಮುಖ ನೋಡಿ ಮಾತಾಡೋನಿಗೆ ಅಲ್ಲಿ ಕಪಾಳಕ್ಕೆ ಬೀಳೋದು. ಅದೇ ಅಭ್ಯಾಸ ಮನೆಗೂ ಬಂತು. ಮದುವೆ ಆದಾಗಿಂದ ಇವರು ನನ್ ಕಿವಿಯೋಲೆ ಜೊತೆ ಸಂಸಾರ ಮಾಡಿದಾರೆ."

ನಾನು ಬಾಯಿ ಬಿಟ್ಟುಕೊಂಡು ನಿಂತೆ. ಇಷ್ಟು ದಿನ ಪಾಠ ಹೇಳಿದ್ದೇನೆ, ಐವರೂ ಪಕ್ಕದ ಗೋಡೆ ನೋಡಿಕೊಂಡೇ ಉತ್ತರ ಕೊಟ್ಟಿದ್ದಾರೆ, ನನಗೆ ವಿಚಿತ್ರ ಅನ್ನಿಸಿಯೇ ಇರಲಿಲ್ಲ. ನಮ್ಮೂರಲ್ಲಿ ಎಲ್ಲರೂ ಹೀಗೇ. ಹಾಲಿನಂಗಡಿಯವನು, ಶಾಲೆಯ ಜವಾನ, ನಮ್ಮಪ್ಪ. ಹೊರಗಿನಿಂದ ಒಬ್ಬರು ಬಂದು ಹೇಳುವ ತನಕ ಇದೊಂದು ತಪ್ಪು ಅಂತ ನನಗೆ ಹೊಳೆಯಲಿಲ್ಲವಲ್ಲ! ಹಗ್ಗ ಕಲಿಸಿದೆ, ಬ್ರೇಕು ಕಲಿಸಿದೆ, ಮುಖ ನೋಡುವುದನ್ನು ಬಿಟ್ಟೆ.

"ಸರಿ, ಈಗ್ಲೇ ಕಲಿ. ಅತ್ತೆ, ಕೂತ್ಕೋ ಇವನ ಎದುರಿಗೆ. ಮಾವ, ನೋಡು ಅವಳ ಮುಖ."

ಇಬ್ಬರೂ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತರು. ಮಾವ ಕತ್ತು ತಿರುಗಿಸಿದ. ಒಂದು ಉಸಿರಿನಷ್ಟು ಹೊತ್ತು ತಡೆದ, ಆಮೇಲೆ ಕತ್ತು ತಾನಾಗಿ ಬಾಗಿಲ ಕಡೆ ಹೊರಳಿತು. ಮತ್ತೆ ತಿರುಗಿಸಿದ. ಮತ್ತೆ ಹೊರಳಿತು. ಹಣೆಯ ಮೇಲೆ ಬೆವರು.

"ಅಯ್ಯೋ, ನಾನೇನು ನಿಮ್ಮನ್ನ ನುಂಗ್ತೀನಾ?" ಅಂದಳು ಅತ್ತೆ.

"ಸುಮ್ನಿರೇ, ಕಣ್ಣು ಉರೀತಿದೆ."

"ಮೂಗಿನ ತುದಿ ನೋಡಿ. ನನ್ ಮೂಗಂತೂ ದೊಡ್ಡದಿದೆ, ಕಷ್ಟ ಆಗಲ್ಲ."

ಕೊನೆಗೆ ಮಾವನ ಮುಖ ನೇರ ನಿಂತಿತು. ಅಲ್ಲಾಡಲಿಲ್ಲ. ನಾನು ಖುಷಿಯಿಂದ ಬಗ್ಗಿ ನೋಡಿದೆ. ಕತ್ತಿನ ನರ ಹುರಿ ಹಾಗೆ ಬಿಗಿದಿತ್ತು, ಕಣ್ಣು ಎರಡೂ ಗಟ್ಟಿಯಾಗಿ ಮುಚ್ಚಿತ್ತು.

"ಮಾವಾ!"

"ಮುಖ ತಿರುಗಿಸಿದೀನಲ್ಲ ಕಣೇ. ಅಷ್ಟು ಎತ್ತರದಲ್ಲಿ, ಹೆಲ್ಮೆಟ್ಟಿನ ನೆರಳಲ್ಲಿ, ಆ ಯಮ್ಮಂಗೆ ನನ್ ಕಣ್ಣು ಕಾಣ್ತದಾ?"

ಹೊರಗೆ ಸೀಟಿ ಊದಿದರು. ಊಟದ ಡಬ್ಬಿ ಹಾಗೇ ಉಳಿಯಿತು. ಬಾಗಿಲ ಹೊರಗೆ ರೇಡಿಯೋ ಒಬ್ಬನೇ ಕೂತು ಕಾಲು ಕುಣಿಸುತ್ತಿದ್ದ. ಅವನೂ ಬೆಳಗಿನಿಂದ ಏನೂ ತಿಂದಿರಲಿಲ್ಲವಂತೆ.

"ನಾನು ಈ ಸಲ ಎಂಥಾ ಆಕ್ಟಿಂಗ್ ಮಾಡ್ತೀನಿ ನೋಡು ಟೀಚರಮ್ಮ. ಬೆಳಿಗ್ಗೆ ಕಾಲು ಅಲ್ಲಾಡಿಸ್ತಾ ಇದ್ದೆ, ಅದಕ್ಕೇ ಆ ಮೇಡಂಗೆ ನಂಬಿಕೆ ಬರ್ಲಿಲ್ಲ ಅನ್ಸುತ್ತೆ. ಈಗ ಹೆಣ ಅಂದ್ರೆ ಹೆಣ!"

ಕಾಲು ಅಲ್ಲಾಡಿಸಲೇಬೇಕು ಅಂತ ಹೇಳಬೇಕಿತ್ತು. ಬೆಲ್ಟಿನಲ್ಲಿ ತೂಗುತ್ತ ಸುಮ್ಮನಿದ್ದರೆ ರಕ್ತ ಕಾಲಲ್ಲೇ ನಿಂತುಬಿಡುತ್ತದೆ, ತಲೆಗೆ ಏರುವುದಿಲ್ಲ. ಇದನ್ನು ನಾನೇ ಪಾಠ ಮಾಡಿದ್ದೆ. ಆದರೆ ಆ ಹೊತ್ತಿಗೆ ನನ್ನ ತಲೆ ತುಂಬ ಮಾವನ ಕಣ್ಣುಗಳು. "ಹ್ಞೂಂ, ಹೋಗು ಚಿಕ್ಕಪ್ಪ," ಅಂದುಬಿಟ್ಟೆ.

*

ಗಾಳಿ ಎದ್ದಿತ್ತು. ಗೋಪುರದ ತುದಿಯಲ್ಲಿ, ಹಿಂದೆ ಲಿಫ್ಟಿನ ಹಗ್ಗ ಓಡುತ್ತಿದ್ದ ದೊಡ್ಡ ಗಾಲಿ ತುಕ್ಕಿನ ಸದ್ದು ಮಾಡುತ್ತಿತ್ತು. ರೇಡಿಯೋನನ್ನು ಮೇಲೆ ತೂಗುಹಾಕಿಯಾಗಿತ್ತು. ಅಷ್ಟರಲ್ಲಿ ಪರೀಕ್ಷಕಿ, ಈ ಸಲ ಮಾವನ ಮುಖ ಸರಿಯಾಗಿ ಕಾಣಬೇಕು ಅಂತ ತಾವೇ ಎದುರಿನ ಅಟ್ಟಣಿಗೆಗೆ ಹತ್ತಲು ಹೊರಟರು. ಹತ್ತಿ, ಕೊಕ್ಕೆ ಹಾಕಿಕೊಂಡು, ಹಾಳೆ ಹಾರದ ಹಾಗೆ ಕ್ಲಿಪ್ ಬಿಗಿದು, ಶುರುಮಾಡಿ ಅಂತ ಕೈ ಎತ್ತುವ ಹೊತ್ತಿಗೆ ತಡವಾಯಿತು. ಅಲ್ಲಿಂದ ಅವರಿಗೆ ಮಾವನ ಮುಖ ಕಾಣುತ್ತಿತ್ತು. ರೇಡಿಯೋ ಅವರಿಗೆ ಬೆನ್ನು ಹಾಕಿ ತೂಗುತ್ತಿದ್ದ. ಅವನ ಮುಖ ಕಾಣುತ್ತಿದ್ದದ್ದು ಕೆಳಗೆ ನಿಂತ ನಮಗೆ ಮಾತ್ರ, ಅದೂ ಕತ್ತು ನೋಯುವಷ್ಟು ಎತ್ತಿದರೆ.

"ಜೀವಮಾನದಲ್ಲಿ ಮೊದಲನೇ ಸಲ ಬಾಯಿ ಮುಚ್ಚಿದಾನೆ," ಅಂತ ಗೊಣಗ ಪಿಸುಗುಟ್ಟಿದ. ಪಕ್ಕದವರು ತುಟಿ ಕಚ್ಚಿ ನಗು ತಡೆದರು. ನನಗೂ ನಗು ಬಂತು.

ಮಾವ ಇಳಿಯತೊಡಗಿದ. ನಿಧಾನ, ಸರಿಯಾದ ನಿಧಾನ. ಅದೇ ಹೊತ್ತಿಗೆ ನಾನು ರೇಡಿಯೋನ ಕೈ ನೋಡಿದೆ. ಮೊದಲು ಅವನ ಬೆರಳು ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಎಷ್ಟು ಆಕ್ಟಿಂಗ್ ಮಾಡಿದರೂ ಅವನ ಬೆರಳು ಸುಮ್ಮನಿರುವುದಿಲ್ಲ. ಈಗ ತಾಳ ನಿಂತಿತ್ತು. ಆಮೇಲೆ ಕೈ ಜಾರಿ ಪಕ್ಕಕ್ಕೆ ತೂಗಿತು. ಅರ್ಧ ಕಳಚಿದ್ದ ಗ್ಲೌಸು ಉದುರಿ ಕೆಳಗೆ ಬಂದು ನನ್ನ ಬೂಟಿನ ಹತ್ತಿರ ಬಿತ್ತು.

ಎಲ್ಲರೂ ಅದನ್ನೂ ಆಕ್ಟಿಂಗ್ ಅಂತಲೇ ಅಂದುಕೊಂಡರು.

ನಾನು ಅವನ ಮುಖ ನೋಡಿದೆ. ಗದ್ದ ಎದೆಗೆ ಇಳಿದಿತ್ತು. ಬಾಯಿ ಒಂದು ಪಕ್ಕ ಜೋತಿತ್ತು. ಮುಖದ ಬಣ್ಣ ಒಲೆಯ ಬೂದಿಯದು.

ಮಾವ ಅವನೆದುರು ಬಂದು ನಿಂತ. "ಏನಪ್ಪಾ, ಹೆಂಗಿದ್ದೀಯ? ನಾನು ಬಂದಿದೀನಿ." ಮುಖ ನೇರವಾಗಿತ್ತು. ಅಲ್ಲಾಡಲಿಲ್ಲ. ಕೆಳಗಿನಿಂದ ನನಗೆ ಅವನ ಕತ್ತಿನ ಹಿಂಭಾಗ ಕಾಣುತ್ತಿತ್ತು, ಹುರಿ ಹಾಗೆ ಬಿಗಿದ ನರ. ಕಣ್ಣು ಮುಚ್ಚಿಕೊಂಡಿದ್ದಾನೆ. ಖಂಡಿತ ಮುಚ್ಚಿಕೊಂಡಿದ್ದಾನೆ.

ಎದುರಿನ ಅಟ್ಟಣಿಗೆಯಲ್ಲಿ ಪರೀಕ್ಷಕಿ ತಲೆ ಆಡಿಸಿದರು. ಪೆನ್ನು ಹಾಳೆಯ ಮೇಲೆ ಹರಿಯಿತು. ಸರಿ ಅಂತ ಗುರುತು ಹಾಕುತ್ತಿದ್ದಾರೆ! ಇನ್ನು ಕೊಕ್ಕೆ ಹಾಕಬೇಕು, ಎಳೆದು ನೋಡಬೇಕು, ರೇಡಿಯೋ ತೂಗುತ್ತಿದ್ದ ಹಗ್ಗ ಬಿಡಿಸಬೇಕು, ಇಳಿಯಬೇಕು, ಅಷ್ಟೇ. ಮಾವ ಯಾವುದನ್ನೂ ಅವಸರದಲ್ಲಿ ಮಾಡುವವನಲ್ಲ. ಅವಸರ ಮಾಡಬೇಡ ಅಂತ ಹೇಳಿಕೊಟ್ಟವಳೂ ನಾನೇ. ಅಷ್ಟು ಹೊತ್ತು ರೇಡಿಯೋಗೆ ಇದೆಯಾ? ಇರಬಹುದು. ಇಲ್ಲದಿರಬಹುದು. ಬಾಯಿ ಬಿಟ್ಟರೆ ಐದು ಮನೆಯ ಕೆಲಸ ಹೋಗುತ್ತದೆ, ನನ್ನದೂ ಸೇರಿ ಆರು. ಗೊಣಗನ ಕಡೆ ನೋಡಿದೆ. ಅವನಿನ್ನೂ ನಗುತ್ತಿದ್ದ.

ಮಾವ ಮೊದಲ ಕೊಕ್ಕೆಗೆ ಕೈ ಹಾಕಿದ.

"ಮಾವಾ, ಕಣ್ಣು ಬಿಡು!" ನಾನು ಕೂಗಿದೆ. ಗೋಪುರದ ಕಬ್ಬಿಣವೆಲ್ಲ ಝಣ್ ಅಂದಿತು. "ಅವನ ಮುಖ ನೋಡು! ಅದು ಆಕ್ಟಿಂಗ್ ಅಲ್ಲ!"

ಮಾವನ ಕತ್ತು ಸಡಿಲವಾಯಿತು. ಒಂದು ಕ್ಷಣ, ಆಮೇಲೆ ಅವನು ಕೂಗಿದ್ದು ರೇಡಿಯೋನ ನಿಜವಾದ ಹೆಸರು. ಆ ಹೆಸರು ನಾನು ಅವತ್ತಿನವರೆಗೆ ಕೇಳಿರಲೇ ಇಲ್ಲ. ಎರಡೂ ಕೊಕ್ಕೆ ಚಟಚಟ ಸಿಕ್ಕಿಕೊಂಡವು, ರೇಡಿಯೋ ತೂಗುತ್ತಿದ್ದ ಹಗ್ಗ ಕಳಚಿತು. ತೊಡೆ ಕೊಟ್ಟು ಅವನ ಕಾಲು ಮೇಲೆತ್ತಿ ಹಿಡಿದು, ಎದೆಗೆ ಅವುಚಿಕೊಂಡು ಇಳಿದ. ಕೆಳಗೆ ನಾವೆಲ್ಲ ಕೈಚಾಚಿ ನಿಂತಿದ್ದೆವು. ಪರೀಕ್ಷಕಿ ನಮಗಿಂತ ಮುಂಚೆ ಅಲ್ಲಿದ್ದರು, ಯಾವ ಮಾಯದಲ್ಲಿ ಇಳಿದರೋ. ಬೆಲ್ಟು ಸಡಿಲಿಸಿದವರು ಅವರೇ, ಆಂಬುಲೆನ್ಸಿಗೆ ಫೋನು ಮಾಡಿಸಿದವರೂ ಅವರೇ.

ಸ್ವಲ್ಪ ಹೊತ್ತಿಗೆ ರೇಡಿಯೋನ ರೆಪ್ಪೆ ಅಲುಗಿತು. ತುಟಿ ಅಲುಗಿತು. ಎಲ್ಲರೂ ಬಗ್ಗಿದೆವು.

"ಹೆಂಗಿತ್ತು... ಆಕ್ಟಿಂಗು?" ಅಂದ.

ಮಾವ ಅವನ ಕೈ ಹಿಡಿದುಕೊಂಡು ಗಣಿಬಾವಿ ಮುಚ್ಚಿದ ಕಾಂಕ್ರೀಟಿನ ಮೇಲೆಯೇ ಕೂತುಬಿಟ್ಟ. ನಗುತ್ತಿದ್ದನೋ ಅಳುತ್ತಿದ್ದನೋ ಗೊತ್ತಾಗಲಿಲ್ಲ, ಮುಖ ಆ ಕಡೆ ತಿರುಗಿಸಿದ್ದ.

*

ಆಂಬುಲೆನ್ಸು ಹೋದ ಮೇಲೆ ಪರೀಕ್ಷಕಿ ನನ್ನ ಮುಂದೆ ಕೈ ಚಾಚಿದರು. ನಾನು ಕೊರಳಿನ ಕಾರ್ಡು ತೆಗೆದುಕೊಟ್ಟೆ.

"ನೀವು ಕೂಗಿದ್ದು ಸರಿ," ಅಂದರು. "ಅವ್ರ ಮುಖ ನನಗೆ ಕಾಣ್ತಿರ್ಲಿಲ್ಲ, ಅದು ನನ್ ತಪ್ಪು, ಹಾಗೇ ಬರೀತೀನಿ. ಆದ್ರೆ ರೂಲು ಅಂದ್ರೆ ರೂಲು. ಪರೀಕ್ಷೆ ರದ್ದಾಯ್ತು. ಕಾರ್ಡು ವಾಪಸ್ ಕೊಡೋದು ನನ್ ಕೈಲಿಲ್ಲ. ಇವ್ರಿಗೆ ಮಾತ್ರ ಇನ್ನೊಂದು ಅವಕಾಶ ಕೊಡಿ ಅಂತ ಕಂಪನಿಯವ್ರನ್ನ ಕೇಳಿ ನೋಡ್ತೀನಿ. ಇಳಿಯೋದನ್ನ ಇಷ್ಟು ಚೆನ್ನಾಗಿ ಕಲಿತಿದಾರೆ, ಕಣ್ಣು ಬಿಡು ಅಂತ ನೀವು ಕೂಗಿದ್ರೂ, ನನಗೆ ಕಂಡ ಹಾಗೆ ಮುಖಾನೂ ಸರಿಯಾಗೇ ನೋಡ್ತಿದ್ರು..."

"ಇಲ್ಲ ಮೇಡಂ," ಅಂದ ಮಾವ.

"ಏನು ಇಲ್ಲ?"

"ನೋಡಿರ್ಲಿಲ್ಲ. ಕಣ್ಣು ಮುಚ್ಚಿದ್ದೆ. ನೀವು ಹಾಕಿದ ಗುರುತು ತಪ್ಪು."

ಗೊಣಗ ಹಣೆ ಚಚ್ಚಿಕೊಂಡ. ಪರೀಕ್ಷಕಿಯ ಮುಖ ಕೆಂಪಾಯಿತು. ಆಮೇಲೆ ಹಾಳೆಯ ಮೇಲಿನ ಗುರುತನ್ನು ಹೊಡೆದುಹಾಕಿ, "ಮುಂದಿನ ವಾರ. ಅದೇ ಕೊನೆ," ಅಂದು ಹೊರಟುಹೋದರು.

ಆ ವಾರ ನಾನು ಬೀದಿಯಲ್ಲಿ ನಡೆಯುವುದೇ ಕಷ್ಟವಾಯಿತು. ರೇಡಿಯೋ ಎರಡು ದಿನಕ್ಕೇ ಆಸ್ಪತ್ರೆಯಿಂದ ಬಂದು ಆಸ್ಪತ್ರೆಯ ಕತೆ ಹೇಳಲು ಶುರುಮಾಡಿದ್ದ. ಅವನು ಅಷ್ಟು ಗಟ್ಟಿಮುಟ್ಟಾಗಿ ಓಡಾಡುವುದನ್ನು ನೋಡಿದವರಿಗೆ ನನ್ನ ಕೂಗು ದುಡುಕಾಗಿ ಕಂಡಿತು.

"ಇನ್ನೊಂಚೂರು ತಡೆದಿದ್ರೆ ಪಾಸಾಗ್ತಿತ್ತಲ್ಲಮ್ಮ," ಅಂದ ಗೊಣಗ, ಅಂಗಡಿಯ ಮುಂದೆ ನನ್ನ ಕಿವಿಯ ಕಡೆ ನೋಡುತ್ತ. "ಹೇಗಿದ್ರೂ ನಿಮ್ ಮಾವ ಕೆಳಗೆ ತರ್ತಿದ್ದ."

"ತರದೆ ಇದ್ದಿದ್ರೆ?"

"ತರ್ತಿದ್ದ."

ಅವನ ಮನೆಯಲ್ಲಿ ಇಬ್ಬರು ಮಕ್ಕಳು ಓದುತ್ತಿದ್ದಾರೆ, ಅವನ ಗೊಣಗಾಟಕ್ಕೂ ಅರ್ಥ ಇದೆ. ನಾನು ಸುಮ್ಮನೆ ಮನೆಗೆ ಬಂದು ಕದ ಹಾಕಿಕೊಂಡೆ. ಸಂಜೆ ರೇಡಿಯೋನ ಹೆಂಡತಿ ಬಂದಳು. ನನ್ನ ಪಕ್ಕ ಕೂತು ಕೈ ಹಿಡಿದುಕೊಂಡಿದ್ದು ಎದ್ದುಹೋದಳು.

ಮಾವನಿಗೆ ಕಲಿಸಲು ನನಗೆ ಅನುಮತಿ ಇರಲಿಲ್ಲ. ಹೊರಗಿನಿಂದ ಬೇರೆ ಟ್ರೈನರ್ ಬಂದಿದ್ದ. ಮಾವ ಏನು ಕಲಿತ, ಕಲಿತನೋ ಇಲ್ಲವೋ, ಕೇಳುವ ಧೈರ್ಯವೂ ಆಗಲಿಲ್ಲ. ಅತ್ತೆ ಮಾತ್ರ ಒಂದು ದಿನ ಚಹಾ ಕೊಡುತ್ತ, "ನಿನ್ನೆ ನನ್ ಗಲ್ಲದ ಮೇಲೆ ಮಚ್ಚೆ ಇದೆ ಅಂತ ಕಂಡುಹಿಡಿದ್ರು. ಇಷ್ಟು ವರ್ಷ ಎಲ್ಲಿತ್ತು ಅಂತ ನನ್ನೇ ಕೇಳ್ತಾರೆ," ಅಂದಳು. ಅದು ಒಳ್ಳೆಯ ಸುದ್ದಿಯೋ ಅಲ್ಲವೋ ತಿಳಿಯಲಿಲ್ಲ. ಮನೆಯಲ್ಲಿ ಕೂತು ನೋಡುವುದೇ ಬೇರೆ, ಗಾಳಿಯಲ್ಲಿ ತೂಗುತ್ತ ನೋಡುವುದೇ ಬೇರೆ.

*

ಪರೀಕ್ಷೆಯ ದಿನ ಬೊಂಬೆ ಬಂದಿತ್ತು. ಮನುಷ್ಯನ ತೂಕದ ಕಿತ್ತಳೆ ಬಣ್ಣದ ಚೀಲ, ತಲೆಯ ಜಾಗದಲ್ಲಿ ಬೋಳು ಉಂಡೆ. ಪರೀಕ್ಷಕಿ ಅದನ್ನು ಕಾಲಿನಿಂದ ಪಕ್ಕಕ್ಕೆ ತಳ್ಳಿದರು.

"ಇದಕ್ಕೆ ಮುಖಾನೇ ಇಲ್ಲ. ನನಗೆ ಬೇಕಾಗಿರೋದು ಮುಖ." ಸಾಲಿನ ಹಿಂದೆ, ಊರಿನವರ ಜೊತೆ ನಿಂತಿದ್ದ ನನ್ನನ್ನು ಬೆರಳಿನಿಂದ ಕರೆದರು. "ನೀವೀಗ ಟ್ರೈನರ್ ಅಲ್ಲ ತಾನೆ? ಬನ್ನಿ. ಬೆಲ್ಟು ಹಾಕ್ಕೊಳಿ."

ಈ ಸಲ ನೇತಾಡುವವಳು ನಾನು. ಕಾಲು ಊರಲು ಪಟ್ಟಿ ಇತ್ತು, ಎರಡನೆಯ ಹಗ್ಗವೂ ಇತ್ತು, ತಿಂಡಿ ತಿಂದಿದ್ದೀರಾ ಅಂತ ಎರಡು ಸಲ ಕೇಳಿದರು. ಮೇಲೆ ತೂಗುಹಾಕುವ ಮುಂಚೆ ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿದರು. "ಅವ್ರು ಹತ್ರ ಬಂದಾಗ ಎಡಗಣ್ಣು ಮುಚ್ಚಿ, ಕೆಳತುಟಿ ಕಚ್ಚಿ ಹಿಡ್ಕೊಳಿ. ಅವ್ರು ಕಂಡಿದ್ದನ್ನ ನನಗೆ ಕೂಗಿ ಹೇಳ್ಬೇಕು. ಸರಿಯಾಗಿ ಹೇಳಿದ್ರೆ ಪಾಸು. ನೀವು ತುಟಿ ಬಿಚ್ಚಿದ್ರೆ, ಸನ್ನೆ ಮಾಡಿದ್ರೆ, ಮುಗೀತು. ಇನ್ನೊಂದು ಅವಕಾಶ ನನ್ ಹತ್ರ ಇಲ್ಲ."

ಮೇಲಿನಿಂದ ಊರೆಲ್ಲ ಕಾಣುತ್ತಿತ್ತು. ಸಾಲು ಮನೆಗಳ ಕಪ್ಪು ಹಿಡಿದ ಸೂರು, ಖಾಲಿ ರೈಲು ಹಳಿ, ಗುಡ್ಡದ ಮೇಲೆ ಅರ್ಧ ನಿಂತ ಫ್ಯಾನಿನ ಬಿಳಿ ಕಂಬ. ಗಾಳಿ ನನ್ನನ್ನು ಮೆಲ್ಲಗೆ ತಿರುಗಿಸುತ್ತಿತ್ತು. ಕೆಳಗೆ ಗೊಣಗ ಎರಡೂ ಕೈ ತಲೆಯ ಮೇಲಿಟ್ಟುಕೊಂಡು ನಿಂತಿದ್ದ.

ಮಾವನ ಬೂಟು ಕಂಡಿತು. ಆಮೇಲೆ ಮೊಣಕಾಲು. ಆಮೇಲೆ ಅವನ ಕೈ, ನನಗೆ ಸೈಕಲ್ ಕಲಿಸಿದ ಕೈ, ಬ್ರೇಕಿನ ಮೇಲೆ. ನಾನು ಎಡಗಣ್ಣು ಮುಚ್ಚಿದೆ, ತುಟಿ ಕಚ್ಚಿದೆ.

ಅವನು ಎದುರಿಗೆ ಬಂದ. ಹೆಲ್ಮೆಟ್ಟಿನ ಅಂಚಿನ ಕೆಳಗೆ ಎರಡು ಕಣ್ಣು, ತೆರೆದ ಕಣ್ಣು, ನೇರ ನನ್ನ ಕಡೆ.

ನನಗೆ ತಡೆಯಲಾಗಲಿಲ್ಲ. ಯಾರೋ ಕತ್ತು ಹಿಡಿದು ತಿರುಗಿಸಿದ ಹಾಗೆ ನನ್ನ ಮುಖ ಪಕ್ಕಕ್ಕೆ ಹೊರಳಿಬಿಟ್ಟಿತು. ನಾನು ಗಣಿಗೆ ಇಳಿದವಳಲ್ಲ, ಹಣೆಗೆ ದೀಪ ಕಟ್ಟಿದವಳಲ್ಲ. ಆದರೂ ಮಾವ ನನ್ನನ್ನು ನೋಡಿದಾಗ ನಾನು ನೋಡಿದ್ದು ಕಂಬದ ತುಕ್ಕನ್ನು. ಮುಖ ವಾಪಸ್ ತರಬೇಕು ಅಂತ ಒದ್ದಾಡಿದೆ, ಕತ್ತು ಮಾತು ಕೇಳಲೇ ಇಲ್ಲ. ಹೋಯಿತು. ಅವನು ಇಷ್ಟು ಕಷ್ಟಪಟ್ಟು ಕಲಿತು ಬಂದ, ಕೆಡಿಸಿದವಳು ನಾನು.

"ಏಯ್," ಅಂದ ಮಾವ ಮೆಲ್ಲಗೆ. "ಮುಖ ಎಲ್ಲಿಗೆ ತಿರುಗಿಸ್ತೀಯ? ನೀನೇನು ಗಣಿ ಶಿಫ್ಟಿಗೆ ಹೊರಟಿದೀಯಾ?"

ಅವನ ಬೆರಳು ನನ್ನ ಗದ್ದಕ್ಕೆ ತಾಗಿತು. ಎಣ್ಣೆ ವಾಸನೆಯ ಗ್ಲೌಸು. ಮೆಲ್ಲಗೆ, ಬೋಲ್ಟು ತಿರುಗಿಸುವ ಹಾಗೆ, ನನ್ನ ಮುಖ ತನ್ನ ಕಡೆ ತಿರುಗಿಸಿಕೊಂಡ. ಕಣ್ಣು ಕಿರಿದು ಮಾಡಿದ, ಬಿಸಿಲಿಗೆ ಮಾಡುವ ಹಾಗೆ. ಆದರೆ ಮುಚ್ಚಲಿಲ್ಲ. ನೋಡಿದ. ನಾನೂ ತೆರೆದಿದ್ದ ಒಂದು ಕಣ್ಣಿನಲ್ಲಿ ನೋಡಿದೆ. ಮಾವನ ಕಣ್ಣು ಕಂದು ಬಣ್ಣ ಅಂತ ಗೊತ್ತಾದದ್ದು ಆವಾಗಲೇ.

"ಉಸಿರಾಡ್ತಿದಾಳೆ!" ಅವನು ಕೆಳಗೆ ಕೂಗಿದ. "ಎಡಗಣ್ಣು ಮುಚ್ಚಿದಾಳೆ! ಕೆಳತುಟಿ ಕಚ್ಚಿದಾಳೆ, ರಕ್ತ ಬರೋ ಹಾಗೆ ಕಚ್ಚಿದಾಳೆ! ಬಲಗಣ್ಣಲ್ಲಿ ನೀರಿದೆ ಮೇಡಂ, ಅದೂ ನೀವೇ ಹೇಳಿಕೊಟ್ಟಿದ್ದಾ?"

"ಅದು ನಾನು ಹೇಳಿದ್ದಲ್ಲ," ಅಂದರು ಪರೀಕ್ಷಕಿ. "ಇಳಿಸಿ."

ಒಂದು ಕೊಕ್ಕೆ, ಎರಡನೆಯದು, ಎಳೆದು ನೋಡಿದ್ದು, ಮತ್ತೆ ನನ್ನ ಮುಖ ನೋಡಿದ್ದು. ಪ್ರತಿ ಸಲವೂ ಅವನಿಗೆ ಕಷ್ಟವಾಗುತ್ತಿತ್ತು, ರೆಪ್ಪೆ ನಡುಗುತ್ತಿತ್ತು, ಆದರೂ ನೋಡಿದ. ನೆಲ ಮುಟ್ಟಿದೆವು. ಪರೀಕ್ಷಕಿ ಹಾಳೆಯ ಮೇಲೆ ಸಹಿ ಹಾಕಿ, ಮಡಿಸಿ, ಮಾವನಿಗೆ ಕೊಟ್ಟರು.

"ಸೋಮವಾರ ಬೆಳಿಗ್ಗೆ ಗುಡ್ಡಕ್ಕೆ ಬನ್ನಿ. ಐದೂ ಜನ." ನನ್ನ ಕಡೆ ತಿರುಗಿ, "ನಿಮ್ ಕಾರ್ಡಿನ ವಿಷಯ ಇನ್ನೂ ಮೇಲಿನವ್ರ ಹತ್ರ ಇದೆ. ಅವ್ರು ಬೇಡ ಅಂದ್ರೆ ಮುಂದಿನ ಬ್ಯಾಚಿನಲ್ಲಿ ಎಲ್ಲರ ಜೊತೆ ಕೂತು ಮೊದಲಿಂದ ಕಲೀಬೇಕಾಗುತ್ತೆ," ಅಂದರು.

"ಕಲೀತೀನಿ ಮೇಡಂ," ಅಂದೆ.

"ಬೆಳಿಗ್ಗೆ ಅಂದ್ರೆ ಎಷ್ಟೊತ್ತಿಗೆ?" ಗೊಣಗ ಮುಂದೆ ಬಂದ. ಕಣ್ಣು ಒರೆಸಿಕೊಳ್ಳುತ್ತಿದ್ದ, ಗೊಣಗಾಟ ಬಿಟ್ಟಿರಲಿಲ್ಲ. "ಅಷ್ಟು ಎತ್ತರದಲ್ಲಿ ಚಳಿ ಇರುತ್ತೆ ಮೇಡಂ. ಕಂಪನಿಯವರು ಸ್ವೆಟರ್ ಕೊಡ್ತಾರಾ, ಇಲ್ಲ ನಾವೇ ತರ್ಬೇಕಾ?"

"ನನ್ ಮುಖ ನೋಡಿ ಕೇಳಿ, ಹೇಳ್ತೀನಿ," ಅಂದರು ಪರೀಕ್ಷಕಿ.